ಡಿಕ್ಕಿಯ ಅಕ್ಷರ ನಂಬಬೇಡಿ: ಅಮೆರಿಕದಲ್ಲಿ ಮಾರಾಟವಾದ ಹಳೇ ಬೆಂಜ್ ಡೀಸೆಲ್ ಕಾರುಗಳನ್ನು ಗುರುತಿಸುವ ಬಗೆ

ನಾನು ಮೊದಲ ಸಲ ಹಳೇ ಬೆಂಜ್ ಡೀಸೆಲ್ ಕೊಳ್ಳಲು ಹೋದದ್ದು ಕ್ಯಾಲಿಫೋರ್ನಿಯಾದ ಒಂದು ಸಣ್ಣ ಊರಿಗೆ. ಮನೆಯಿಂದ ಮೂರು ಗಂಟೆ ದಾರಿ. ಕಾರಿನ ಡಿಕ್ಕಿಯ ಎಡಗಡೆ ‘300 ಡಿ’, ಬಲಗಡೆ ‘ಟರ್ಬೊಡೀಸೆಲ್’ ಎಂದು ಅಕ್ಷರಗಳು ಥಳಥಳ ಹೊಳೆಯುತ್ತಿದ್ದವು. ಬಾನೆಟ್ ಎತ್ತಿ ನೋಡಿದರೆ ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ನೂಕಿ ಶಕ್ತಿ ಏರಿಸುವ ಸಾಧನ, ಇಲ್ಲವೇ ಇಲ್ಲ! ಮಾರುವವರು ಸುಳ್ಳು ಹೇಳಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಹಿಂದೆ ಯಾವಾಗಲೋ ಕಾರಿಗೆ ಹಿಂದಿನಿಂದ ಏಟು ಬಿದ್ದು, ಗುಜರಿಯಿಂದ ಬೇರೆ ಡಿಕ್ಕಿ ಬಾಗಿಲು ತಂದು ಹಾಕಿಸಿದ್ದರಂತೆ. ಬಣ್ಣ ಹೊಂದಿತ್ತು. ಅಕ್ಷರ ಹೊಂದಿರಲಿಲ್ಲ.

ಆವತ್ತಿನಿಂದ ನಾನು ಈ ಕಾರುಗಳನ್ನು ಹಿಂದಿನಿಂದ ಓದುವುದನ್ನು ಬಿಟ್ಟೆ. ನಲವತ್ತು ವರ್ಷ ಹಳೆಯ ಕಾರು ಅಂದರೆ ಅದರ ಬಾಗಿಲು, ಬಂಪರ್, ಸೀಟು, ಕೆಲವೊಮ್ಮೆ ಎಂಜಿನ್ನೇ ಬದಲಾಗಿರುತ್ತದೆ. ಬದಲಾಗದೆ ಉಳಿಯುವುದು ಚಾಸಿ ನಂಬರ್ ಒಂದೇ. ಅದನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ಉಳಿದರ್ಧ ಕಣ್ಣಿನಿಂದ ತಾಳೆ ನೋಡುವ ಕೆಲಸ.

ಜರ್ಮನ್ ಡೀಸೆಲ್ ಸೆಡಾನ್ ಎಂದರೆ ಬರೀ ಬೆಂಜ್ ಅಲ್ಲ, ನಿಜ. ಆಡಿ ಕಂಪನಿಯ 5000 ಡೀಸೆಲ್ ಇತ್ತು. ಬಿಎಂಡಬ್ಲ್ಯು 1985-86ರಲ್ಲಿ 524 ಟಿಡಿ ಮಾರಿತು. ಅದೇ ಎಂಜಿನ್ ಅಮೆರಿಕದ ಲಿಂಕನ್ ಕಾರಿಗೂ ಹೋಗಿತ್ತು. ಆದರೆ ಇವುಗಳಲ್ಲಿ ಬಗೆಗಳು ಕಡಿಮೆ, ಗೊಂದಲವೂ ಕಡಿಮೆ. ಗೊಂದಲ ಇರುವುದು ಮರ್ಸಿಡಿಸ್ ಬೆಂಜ್‌ನಲ್ಲಿ. ಹಾಗಾಗಿ ಇಲ್ಲಿ ಅದರ ಮಾತೇ. ಅದರಲ್ಲೂ ಅಮೆರಿಕದ ರಸ್ತೆಗಳಲ್ಲಿ ಇವತ್ತಿಗೂ ಕಾಣುವ ‘ಡಬ್ಲ್ಯು 123’ ಎಂಬ ಕಾರಿನ ಹತ್ತಿರ ಜಾಸ್ತಿ ಹೊತ್ತು ನಿಲ್ಲೋಣ.

ಹೆಸರುಗಳು ಹೀಗೇಕೆ ಕೈಕೊಡುತ್ತವೆ?

ಬೆಂಜ್‌ನವರ ಹೆಸರಿನ ಕ್ರಮ ಮೇಲ್ನೋಟಕ್ಕೆ ಸರಳ. 240 ಎಂದರೆ 2.4 ಲೀಟರ್ ಎಂಜಿನ್. 300 ಎಂದರೆ 3 ಲೀಟರ್. ‘ಡಿ’ ಎಂದರೆ ಡೀಸೆಲ್. ‘ಸಿ’ ಎಂದರೆ ಎರಡು ಬಾಗಿಲಿನ ಕೂಪೆ. ‘ಎಸ್’ ಎಂದರೆ ದೊಡ್ಡ ಕಾರು, ಎಸ್-ಕ್ಲಾಸ್. ‘ಎಲ್’ ಎಂದರೆ ಉದ್ದದ ಚಾಸಿ.

ಎಲ್ಲರೂ ಎಡವುವುದು ‘ಟಿ’ ಅಕ್ಷರದ ಹತ್ತಿರ. ‘300 ಟಿಡಿ’ ನೋಡಿದ ತಕ್ಷಣ ‘ಟರ್ಬೊ ಡೀಸೆಲ್’ ಎಂದು ಓದಿಬಿಡುತ್ತೇವೆ, ಅಲ್ವಾ? ಅದು ತಪ್ಪು. ಬೆಂಜ್‌ನಲ್ಲಿ ‘ಟಿ’ ಎಂದರೆ ಸ್ಟೇಷನ್ ವ್ಯಾಗನ್. ಪ್ರವಾಸಕ್ಕೂ ಸಾಮಾನು ಸಾಗಿಸಲಿಕ್ಕೂ ಆಗುವ ಕಾರು ಎಂಬ ಅರ್ಥದ ಜರ್ಮನ್ ಪದಗಳಿಂದ ಬಂದ ಅಕ್ಷರ ಅದು. ಅಮೆರಿಕದಲ್ಲಿ 1979 ಮತ್ತು 1980ರಲ್ಲಿ ಮಾರಿದ 300 ಟಿಡಿಗೆ ಟರ್ಬೊ ಇರಲೇ ಇಲ್ಲ.

ಎರಡನೆಯ ಗೊಂದಲ ‘300 ಡಿ’ಯದು. ಅಮೆರಿಕದಲ್ಲಿ ಈ ಹೆಸರಿನಲ್ಲಿ ಮೂರು ತಲೆಮಾರಿನ ಕಾರುಗಳು ಬಂದಿವೆ. 1975-76ರ ಹಳೇ ಆಕಾರದ್ದು ಒಂದು. 1977ರಿಂದ 1985ರವರೆಗಿನ ಡಬ್ಲ್ಯು 123 ಇನ್ನೊಂದು. ಅದಾದ ಮೇಲೆ ಡಬ್ಲ್ಯು 124. ಈ 124ರಲ್ಲೇ 1987ರ ಕಾರಿಗೆ ಆರು ಸಿಲಿಂಡರಿನ 3 ಲೀಟರ್ ಎಂಜಿನ್. 1990ರಿಂದ 1993ರವರೆಗಿನ ‘300 ಡಿ 2.5 ಟರ್ಬೊ’ಗೆ ಐದು ಸಿಲಿಂಡರಿನ ಎರಡೂವರೆ ಲೀಟರ್ ಎಂಜಿನ್. ಅಂದರೆ 300 ಎಂದು ಬರೆದಿದ್ದರೂ 3 ಲೀಟರ್ ಅಲ್ಲ! ಇನ್ನೂ ಹಿಂದೆ ಹೋದರೆ, 1957ರಿಂದ 1962ರವರೆಗೆ ಇಂಗ್ಲಿಷಿನ ಸಣ್ಣ ‘ಡಿ’ ಅಕ್ಷರದ ‘300 ಡಿ’ ಎಂಬ ದೊಡ್ಡ ಐಷಾರಾಮಿ ಕಾರು ಇತ್ತು. ಅದು ಪೆಟ್ರೋಲ್ ಕಾರು. ಹಳೇ ಕೈಪಿಡಿ, ಬಿಡಿಭಾಗ ಹುಡುಕುವಾಗ ಇದು ನಡುವೆ ಬಂದು ತಲೆ ಕೆಡಿಸುತ್ತದೆ.

ಇಷ್ಟು ಬಗೆಗಳು ಅಮೆರಿಕದಲ್ಲೇ ಯಾಕೆ ಬಂದವು ಎನ್ನುವುದಕ್ಕೂ ಕಾರಣ ಇದೆ. 1973ರ ತೈಲ ಬಿಕ್ಕಟ್ಟಿನ ಬಳಿಕ ಅಲ್ಲಿನ ಸರ್ಕಾರ 1975ರಲ್ಲಿ ಒಂದು ಕಾನೂನು ತಂದಿತು. ಒಂದು ಕಂಪನಿ ಮಾರುವ ಕಾರುಗಳ ಸರಾಸರಿ ಮೈಲೇಜ್ ಇಷ್ಟಿರಲೇಬೇಕು ಎಂಬುದು ಆ ಕಾನೂನು. 1978ರ ಮಾಡೆಲ್ ವರ್ಷದಿಂದ ಅದು ಗ್ಯಾಲನ್‌ಗೆ 18 ಮೈಲಿ. ದೊಡ್ಡ ಪೆಟ್ರೋಲ್ ಕಾರು ಮಾರುವ ಬೆಂಜ್‌ಗೆ ಇದು ಕಷ್ಟ. ಸರಾಸರಿ ಏರಿಸಲು ಡೀಸೆಲ್ ಬೇಕಾಯಿತು. ಹಾಗಾಗಿಯೇ ಡೀಸೆಲ್ ಕೂಪೆ, ಡೀಸೆಲ್ ಎಸ್-ಕ್ಲಾಸ್ ಎಂಬ ವಿಚಿತ್ರ ಜೋಡಿಗಳು ಹುಟ್ಟಿದವು. ಇವನ್ನು ಬೆಂಜ್ ಆಗ ಉತ್ತರ ಅಮೆರಿಕಕ್ಕೆಂದೇ ತಯಾರಿಸಿತು. ಜರ್ಮನಿಯ ಶೋರೂಮಿನಲ್ಲಿ ಅವು ಸಿಗುತ್ತಿರಲಿಲ್ಲ.

ಮೊದಲ ಹೆಜ್ಜೆ: ಚಾಸಿ ನಂಬರ್ ಹುಡುಕಿ

ಅಮೆರಿಕದ ಕಾರಿನಲ್ಲಿ ಇದನ್ನು ಹುಡುಕಲು ಬಾಗಿಲು ತೆಗೆಯುವುದೂ ಬೇಡ. ಚಾಲಕನ ಬದಿಯಲ್ಲಿ, ಅಂದರೆ ಎಡಗಡೆ, ಮುಂದಿನ ಗಾಜಿನ ಅಂಚಿನಲ್ಲಿ ಒಂದು ಸಣ್ಣ ತಗಡಿನ ಪಟ್ಟಿ ಕಾಣುತ್ತದೆ. ಹೊರಗೆ ನಿಂತೇ ಓದಬಹುದು. ಬಾನೆಟ್ ಕೆಳಗೂ ಅದೇ ಸಂಖ್ಯೆಯನ್ನು ಕಬ್ಬಿಣಕ್ಕೇ ಕೊರೆದಿರುತ್ತಾರೆ. ಎರಡೂ ಕಡೆ ಒಂದೇ ಇದೆಯಾ ನೋಡಿ. ಕಾಗದ ಪತ್ರದಲ್ಲಿರುವುದೂ ಅದೇನಾ ನೋಡಿ. ಮೂರರಲ್ಲಿ ಒಂದು ಹೊಂದದಿದ್ದರೂ ಅಲ್ಲಿಂದ ಮುಂದೆ ಹೋಗಬೇಡಿ. ಕಾರು ಎಷ್ಟೇ ಚೆನ್ನಾಗಿರಲಿ, ವಾಪಸ್ ಬನ್ನಿ.

ಈಗ ಅಂಕಿ, ಅಕ್ಷರ ಒಟ್ಟು ಎಷ್ಟಿವೆ ಎಂದು ಎಣಿಸಿ. 14 ಇದ್ದರೆ ಕಾರು 1980 ಅಥವಾ ಅದಕ್ಕೂ ಹಿಂದಿನ ಮಾಡೆಲ್. 17 ಇದ್ದರೆ 1981 ಅಥವಾ ನಂತರದ್ದು.

14 ಅಂಕಿಯ ಹಳೇ ನಂಬರ್

ಇದನ್ನು ಓದುವುದು ಬಹಳ ಸುಲಭ. ಮೊದಲ ಆರು ಅಂಕಿಯೇ ಕಾರಿನ ನಿಜವಾದ ಹೆಸರು. ಉದಾಹರಣೆಗೆ 123130. ಇದನ್ನು 123.130 ಎಂದು ಬಿಡಿಸಿ ಓದಬೇಕು. 123 ಎಂದರೆ ಕಾರಿನ ತಲೆಮಾರು. ಚುಕ್ಕಿಯ ನಂತರದ್ದು ಅದರೊಳಗಿನ ಬಗೆ.

ಚುಕ್ಕಿಯ ನಂತರದ ಮೊದಲ ಅಂಕಿಯನ್ನು ಚೆನ್ನಾಗಿ ಗಮನಿಸಿ. ಅದು 0 ಇದ್ದರೆ ಪೆಟ್ರೋಲ್, 1 ಇದ್ದರೆ ಡೀಸೆಲ್. 123.033 ಎಂದರೆ ಪೆಟ್ರೋಲಿನ 280 ಇ. 123.133 ಎಂದರೆ ಡೀಸೆಲಿನ 300 ಡಿ ಟರ್ಬೊ. ಒಂದೇ ಒಂದು ಅಂಕಿಯ ವ್ಯತ್ಯಾಸ. ಈ ನಿಯಮ 115, 116, 123, 124, 126, 201 ಎಲ್ಲ ತಲೆಮಾರಿಗೂ ನಡೆಯುತ್ತದೆ.

ಏಳನೆಯ ಅಂಕಿ ಸ್ಟೇರಿಂಗ್ ಯಾವ ಕಡೆ ಎಂದು ಹೇಳುತ್ತದೆ. 1 ಎಂದರೆ ಎಡಗಡೆ, 2 ಎಂದರೆ ನಮ್ಮ ಊರಿನ ಹಾಗೆ ಬಲಗಡೆ. ಎಂಟನೆಯದು ಗೇರಿನದು. 0 ಎಂದರೆ ಕೈಯಿಂದ ಹಾಕುವ ಗೇರ್, 2 ಎಂದರೆ ಆಟೊಮ್ಯಾಟಿಕ್. ಕೊನೆಯ ಆರು ಅಂಕಿ ಆ ಕಾರಿನ ಸ್ವಂತ ಕ್ರಮಸಂಖ್ಯೆ.

ಹಾಗಾದರೆ 123123 10 ಎಂದು ಶುರುವಾದರೆ? ಎಡಗಡೆ ಸ್ಟೇರಿಂಗಿನ, ಕೈಗೇರಿನ 240 ಡಿ. ಅದರ ಒಳಗೆ ಈಗ ಆಟೊಮ್ಯಾಟಿಕ್ ಗೇರ್ ಇದ್ದರೆ ಯಾರೋ ಬದಲಾಯಿಸಿದ್ದಾರೆ ಎಂದರ್ಥ. ಹಳೇ ನಂಬರ್ ನನಗೆ ಇಷ್ಟವಾಗುವುದು ಇದಕ್ಕೇ. ಅದು ಗೇರಿನ ಮಾತನ್ನೂ ಹೇಳಿಬಿಡುತ್ತದೆ.

17 ಅಕ್ಷರದ ಹೊಸ ನಂಬರ್

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಮೊದಲ ಮೂರು ಅಕ್ಷರ ‘ಡಬ್ಲ್ಯು ಡಿ ಬಿ’. ಜರ್ಮನಿಯಲ್ಲಿ ತಯಾರಾದ ಬೆಂಜ್ ಕಾರು ಎಂದು ಅರ್ಥ. ನಾಲ್ಕನೆಯ ಅಕ್ಷರ ತಲೆಮಾರು. ‘ಎ’ ಎಂದರೆ 123. ‘ಸಿ’ ಎಂದರೆ 126, ದೊಡ್ಡ ಎಸ್-ಕ್ಲಾಸ್. ‘ಡಿ’ ಎಂದರೆ 201, ಅಂದರೆ ಸಣ್ಣ 190. ‘ಇ’ ಎಂದರೆ 124.

ಐದನೆಯ ಅಕ್ಷರ ಇಂಧನದ್ದು. ‘ಎ’ ಇದ್ದರೆ ಪೆಟ್ರೋಲ್, ‘ಬಿ’ ಇದ್ದರೆ ಡೀಸೆಲ್. ಹಳೇ ನಂಬರಿನ 0 ಮತ್ತು 1 ಇಲ್ಲಿ ಎ ಮತ್ತು ಬಿ ಆಗಿವೆ, ಅಷ್ಟೇ.

ಆರು ಮತ್ತು ಏಳನೆಯ ಜಾಗದಲ್ಲಿ ಎರಡು ಅಂಕಿ ಇರುತ್ತವೆ. ಹಳೇ ಆರಂಕಿ ಹೆಸರಿನ ಕೊನೆಯ ಎರಡು ಅಂಕಿಗಳೇ ಅವು. 123.133ರ ಕೊನೆಯ 33 ಇಲ್ಲಿ ಬಂದು ಕೂರುತ್ತದೆ. ಹಾಗಾಗಿ ‘ಡಬ್ಲ್ಯು ಡಿ ಬಿ ಎ ಬಿ 33’ ಎಂದರೆ 123 ತಲೆಮಾರು, ಡೀಸೆಲ್, 33. ಅಂದರೆ 300 ಡಿ ಟರ್ಬೊ. ಅದೇ ಜಾಗದಲ್ಲಿ ‘ಎ ಎ 33’ ಇದ್ದರೆ ಪೆಟ್ರೋಲಿನ 280 ಇ. ಬರೀ 33 ನೋಡಿ ಖುಷಿಪಡಬೇಡಿ.

ಹತ್ತನೆಯ ಅಕ್ಷರ ಮಾಡೆಲ್ ವರ್ಷ. 1981ಕ್ಕೆ ‘ಬಿ’, 1982ಕ್ಕೆ ‘ಸಿ’, 1983ಕ್ಕೆ ‘ಡಿ’, 1984ಕ್ಕೆ ‘ಇ’, 1985ಕ್ಕೆ ‘ಎಫ್’, 1986ಕ್ಕೆ ‘ಜಿ’, 1987ಕ್ಕೆ ‘ಎಚ್’. ‘ಐ’ ಅಕ್ಷರ 1 ಎಂಬ ಅಂಕಿಯ ಹಾಗೆ ಕಾಣುವುದರಿಂದ ಅದನ್ನು ಬಿಟ್ಟಿದ್ದಾರೆ. 1988ಕ್ಕೆ ‘ಜೆ’, 1989ಕ್ಕೆ ‘ಕೆ’, 1990ಕ್ಕೆ ‘ಎಲ್’, 1991ಕ್ಕೆ ‘ಎಂ’.

ಒಂದು ಕೊರತೆ ಇದೆ. ಹೊಸ ನಂಬರಿನಲ್ಲಿ ಗೇರಿನ ವಿಷಯ ಇಲ್ಲ. 1981ರಿಂದ 1983ರವರೆಗಿನ 240 ಡಿ ಮೂಲದಲ್ಲಿ ಕೈಗೇರಿನದಾ, ಆಟೊಮ್ಯಾಟಿಕ್ಕಾ ಎಂದು ತಿಳಿಯಲು ಕಾರ್ಖಾನೆಯ ದಾಖಲೆ ಪತ್ರ ಬೇಕು. ‘ಡೇಟಾ ಕಾರ್ಡ್’ ಎನ್ನುತ್ತಾರೆ. ಹಳೇ ಮಾಲೀಕರ ಕೈಪಿಡಿಯ ಜೊತೆ ಕೆಲವೊಮ್ಮೆ ಸಿಗುತ್ತದೆ. ಸಿಕ್ಕರೆ ಜೋಪಾನ ಮಾಡಿ.

ನಾನು ನೋಡಲು ಹೋದ ಆ ಕಾರಿನ ನಂಬರಿನಲ್ಲಿ ‘ಎ ಬಿ 30’ ಇತ್ತು, ಹತ್ತನೆಯ ಅಕ್ಷರ ‘ಬಿ’. ಅಂದರೆ 1981ರ, ಟರ್ಬೊ ಇಲ್ಲದ 300 ಡಿ. ಮೊದಲೇ ಫೋನಿನಲ್ಲಿ ನಂಬರ್ ಕೇಳಿದ್ದರೆ ಮನೆಯಲ್ಲೇ ಕೂತು ಗೊತ್ತಾಗುತ್ತಿತ್ತು.

ಡಬ್ಲ್ಯು 123ರ ಏಳು ಡೀಸೆಲ್‌ಗಳು

ಈಗ ಅಮೆರಿಕದಲ್ಲಿ ಮಾರಾಟವಾದ 123 ಡೀಸೆಲ್‌ಗಳನ್ನು ಒಂದೊಂದಾಗಿ ನೋಡೋಣ.

123.123 ಎಂದರೆ 240 ಡಿ. 1977ರಿಂದ 1983ರವರೆಗೆ. ನಾಲ್ಕು ಸಿಲಿಂಡರ್. ಶಕ್ತಿ ಮೊದಲಿಗೆ 62, ಆಮೇಲೆ 67 ಅಶ್ವಶಕ್ತಿ. ಎಲ್ಲದಕ್ಕಿಂತ ನಿಧಾನ, ಎಲ್ಲದಕ್ಕಿಂತ ಸರಳ. ಅಮೆರಿಕದ 123 ಡೀಸೆಲ್‌ಗಳಲ್ಲಿ ಕೈಗೇರ್ ಸಿಗುತ್ತಿದ್ದುದು ಇದರಲ್ಲಿ ಮಾತ್ರ. ಹಾಗಾಗಿ ‘300 ಡಿ, ನಾಲ್ಕು ಗೇರಿನದು, ಕಂಪನಿಯಿಂದಲೇ ಹಾಗೆ ಬಂದದ್ದು’ ಎಂದು ಯಾರಾದರೂ ಹೇಳಿದರೆ ನಂಬುವ ಮುಂಚೆ ನಂಬರ್ ನೋಡಿ. ಅಮೆರಿಕಕ್ಕೆ ಬಂದ 300 ಡಿಗಳೆಲ್ಲ ಆಟೊಮ್ಯಾಟಿಕ್.

123.130 ಎಂದರೆ ಟರ್ಬೊ ಇಲ್ಲದ 300 ಡಿ. 1977ರಿಂದ 1981. ಐದು ಸಿಲಿಂಡರ್. 1979ರವರೆಗೆ 77 ಅಶ್ವಶಕ್ತಿ, ಆಮೇಲೆ 83. 123.133 ಎಂದರೆ ಟರ್ಬೊ ಇರುವ 300 ಡಿ. 1982ರಿಂದ 1985. ಶಕ್ತಿ 120ರ ಆಸುಪಾಸು. ಜನ ಜಾಸ್ತಿ ಹುಡುಕುವುದು ಇದನ್ನೇ. ಇವತ್ತಿನ ಹೆದ್ದಾರಿಯಲ್ಲಿ ಬೇರೆಯವರ ಜೊತೆ ಸಮವಾಗಿ ಓಡಲು ಇದಕ್ಕೆ ಸಾಕಷ್ಟು ಕಸುವಿದೆ.

ಕೂಪೆಯ ಸಂಖ್ಯೆಗಳು 50ರಿಂದ ಶುರು. 123.150 ಎಂದರೆ ಟರ್ಬೊ ಇಲ್ಲದ 300 ಸಿಡಿ, 1978ರಿಂದ 1981. 123.153 ಎಂದರೆ ಟರ್ಬೊ ಇರುವುದು, 1982ರಿಂದ 1985. ಎರಡು ಬಾಗಿಲು, ಕಿಟಕಿಗಳ ನಡುವೆ ಕಂಬ ಇಲ್ಲ. ನಾಲ್ಕೂ ಗಾಜು ಇಳಿಸಿದರೆ ಬದಿಯೆಲ್ಲ ತೆರೆದ ಹಾಗೆ. ಚಕ್ರಗಳ ನಡುವಿನ ಅಂತರ ಸೆಡಾನ್‌ನಲ್ಲಿ 2,795 ಮಿಲಿಮೀಟರ್, ಕೂಪೆಯಲ್ಲಿ 2,710. ಡೀಸೆಲ್ ಕೂಪೆಯನ್ನು ಬೆಂಜ್ ಉತ್ತರ ಅಮೆರಿಕಕ್ಕೆ ಮಾತ್ರ ಕಳಿಸಿತು.

ವ್ಯಾಗನ್‌ನ ಸಂಖ್ಯೆಗಳು 90ರಿಂದ ಶುರು. 123.190 ಎಂದರೆ ಟರ್ಬೊ ಇಲ್ಲದ 300 ಟಿಡಿ, 123.193 ಎಂದರೆ ಟರ್ಬೊ ಇರುವುದು. ಒಂದು ವಿಶೇಷ ಗಮನಿಸಿ. ವ್ಯಾಗನ್‌ಗೆ ಟರ್ಬೊ 1981ರಲ್ಲೇ ಬಂತು. ಸೆಡಾನ್ ಮತ್ತು ಕೂಪೆ ಇನ್ನೊಂದು ವರ್ಷ ಕಾಯಬೇಕಾಯಿತು. ಹಾಗಾಗಿ ‘1981ರ ಟರ್ಬೊ 300 ಟಿಡಿ’ ಎಂದರೆ ನಿಜ ಇರಬಹುದು. ‘1981ರ ಟರ್ಬೊ 300 ಡಿ’ ಎಂದರೆ ಏನೋ ಬದಲಾಗಿದೆ.

ವ್ಯಾಗನ್ ನೋಡುವಾಗ ಹಿಂಬದಿಯ ಎತ್ತರವನ್ನೂ ನೋಡಿ. ಇದರ ಹಿಂದಿನ ಸಸ್ಪೆನ್ಷನ್ ಎಣ್ಣೆಯ ಒತ್ತಡದಿಂದ ತಾನೇ ಎತ್ತರ ಸರಿಮಾಡಿಕೊಳ್ಳುವ ಬಗೆಯದು. ಎಷ್ಟು ಸಾಮಾನು ಹೇರಿದರೂ ಹಿಂಬದಿ ಕುಸಿಯಬಾರದು. ಅದರ ಎಣ್ಣೆ ಡಬ್ಬಿ ಬಾನೆಟ್ ಕೆಳಗೆ ಇರುತ್ತದೆ. ಕಾರು ಹಿಂದೆ ಕುಕ್ಕರಿಸಿ ಕೂತಿದ್ದರೆ ರಿಪೇರಿ ಖರ್ಚು ಕಾದಿದೆ ಎಂದೇ ಲೆಕ್ಕ.

ಬಾನೆಟ್ ಎತ್ತಿ, ಪೈಪು ಎಣಿಸಿ

ನಂಬರ್ ಓದಿ ಆಯಿತು. ಈಗ ಎಂಜಿನ್ ಅದಕ್ಕೆ ಹೊಂದುತ್ತದೆಯಾ ನೋಡಬೇಕು. ಇದಕ್ಕೆ ಮೆಕ್ಯಾನಿಕ್ ಆಗಿರಬೇಕಿಲ್ಲ.

ಎಂಜಿನ್ನಿನ ಎಡಗಡೆ ಡೀಸೆಲ್ ಪಂಪ್ ಇರುತ್ತದೆ. ಅದರಿಂದ ತೆಳ್ಳಗಿನ ಉಕ್ಕಿನ ಪೈಪುಗಳು ಮೇಲೆದ್ದು ಒಂದೊಂದು ಸಿಲಿಂಡರಿಗೆ ಹೋಗುತ್ತವೆ. ಅವನ್ನು ಎಣಿಸಿ. ನಾಲ್ಕಿದ್ದರೆ 240 ಡಿಯ ‘ಓಎಂ 616’ ಎಂಜಿನ್. ಐದಿದ್ದರೆ 300ರ ‘ಓಎಂ 617’. ಓಎಂ ಎಂದರೆ ಜರ್ಮನ್‌ನಲ್ಲಿ ಎಣ್ಣೆ ಎಂಜಿನ್ ಎಂದರ್ಥ.

616 ಎಂಜಿನ್ ನಮಗೆ ಹೊಸದಲ್ಲ. ಪುಣೆಯ ಬಜಾಜ್ ಟೆಂಪೊ ಕಂಪನಿ ಇದೇ ಎಂಜಿನ್ನನ್ನು ಬೆಂಜ್‌ನಿಂದ ಪರವಾನಗಿ ಪಡೆದು ತಯಾರಿಸಿ ಟ್ರಾಕ್ಸ್‌ಗೂ ಟೆಂಪೊ ಟ್ರಾವೆಲರ್‌ಗೂ ಹಾಕಿತು. ಹಳ್ಳಿ ದಾರಿಯಲ್ಲಿ ಇಪ್ಪತ್ತು ಜನರನ್ನು ಹೇರಿಕೊಂಡು ಹೋಗುತ್ತಿದ್ದ ಟ್ರಾಕ್ಸ್ ನೆನಪಿದೆಯಾ? ಅದರ ಆ ಟಕಟಕ ಸದ್ದು ಮತ್ತು ಅಮೆರಿಕದ 240 ಡಿಯ ಸದ್ದು ಒಂದೇ ಮನೆತನದ್ದು. ಮೊದಲ ಸಲ 240 ಡಿ ಸ್ಟಾರ್ಟ್ ಮಾಡಿದಾಗ ನನಗೆ ನೆನಪಾದದ್ದು ಜರ್ಮನಿ ಅಲ್ಲ, ನಮ್ಮೂರ ಬಸ್ ಸ್ಟ್ಯಾಂಡು.

617ಕ್ಕೂ ಒಂದು ಹಿರಿಮೆ ಇದೆ. 1974ರಲ್ಲಿ ಯುರೋಪಿನಲ್ಲಿ ‘240 ಡಿ 3.0’ ಎಂಬ ಹೆಸರಿನಲ್ಲಿ ಬಂದ ಕಾರಿನಲ್ಲಿ ಇದನ್ನು ಮೊದಲು ಹಾಕಿದರು. ಐದು ಸಿಲಿಂಡರಿನ ಎಂಜಿನ್ ಇದ್ದ ಮೊದಲ ಮಾರಾಟದ ಕಾರು ಅದೇ. ಅಮೆರಿಕಕ್ಕೆ ಬಂದಾಗ ಅದರ ಹೆಸರನ್ನು 300 ಡಿ ಎಂದು ಸರಳ ಮಾಡಿದರು. ಮೊದಲು ಹೇಳಿದ 1975-76ರ ಹಳೇ ಆಕಾರದ 300 ಡಿ ಇದೇ. ಇದರ ಸಂಖ್ಯೆ 115.114. ಗುರುತಿಸುವುದು ಸುಲಭ: ಮುಂದಿನ ದೀಪಗಳು ಒಂದರ ಮೇಲೊಂದು ನಿಂತಿರುತ್ತವೆ. 123ರಲ್ಲಿ ಅಕ್ಕಪಕ್ಕ ಇರುತ್ತವೆ.

ಟರ್ಬೊ ಇದ್ದರೆ ಎಂಜಿನ್ನಿನ ಬಲಗಡೆ ಇರುತ್ತದೆ. ಹೊಗೆ ಹೋಗುವ ಕಡೆಗೆ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಕಬ್ಬಿಣದ ಗೂಡು. ಕಂಡರೆ ತಪ್ಪು ತಿಳಿಯುವ ಹಾಗೇ ಇಲ್ಲ.

ಇನ್ನೂ ಆಳಕ್ಕೆ ಹೋಗಬೇಕು ಅಂದರೆ ಎಂಜಿನ್ ಬ್ಲಾಕಿನ ಮೇಲೆ ಕೊರೆದ ಸಂಖ್ಯೆಯನ್ನು ಉಜ್ಜಿ ಓದಿ. 616.912 ಎಂದರೆ 240 ಡಿಯದು. 617.912 ಎಂದರೆ ಟರ್ಬೊ ಇಲ್ಲದ ಐದು ಸಿಲಿಂಡರಿನದು. 617.952 ಎಂದರೆ 123ರ ಟರ್ಬೊ ಎಂಜಿನ್. ಕೊನೆಯಲ್ಲಿ 950 ಇದ್ದರೆ ಅದು 116ರ ಹಳೇ ಎಸ್-ಕ್ಲಾಸ್‌ನದು. 951 ಇದ್ದರೆ 126ರ ಎಸ್-ಕ್ಲಾಸ್‌ನದು. 300 ಡಿ ಒಳಗೆ 617.951 ಕಂಡರೆ ಗುಜರಿಗೆ ಹೋದ ಯಾವುದೋ ದೊಡ್ಡ ಕಾರಿನ ಎಂಜಿನ್ ಇದರೊಳಗೆ ಬಂದು ಕೂತಿದೆ. ಅದು ಕೆಟ್ಟದ್ದಲ್ಲ. ಎಂಜಿನ್ ಚೆನ್ನಾಗಿದ್ದರೆ ಕೊಳ್ಳಬಹುದು. ಆದರೆ ‘ಎಲ್ಲ ಒರಿಜಿನಲ್’ ಎಂಬ ಬೆಲೆ ಕೊಡಬೇಡಿ.

ಟರ್ಬೊ ಇಲ್ಲದ ಎಂಜಿನ್ನಿಗೆ ಟರ್ಬೊ ಜೋಡಿಸಿದ ಕಾರುಗಳೂ ಸಿಗುತ್ತವೆ. ಇಲ್ಲಿ ಮಾತ್ರ ಹುಷಾರು. ಕಂಪನಿಯ ಟರ್ಬೊ ಎಂಜಿನ್ನಿನ ಒಳಗೇ ಬೇರೆ. ಪಿಸ್ಟನ್ನಿಗೆ ಕೆಳಗಿನಿಂದ ಎಣ್ಣೆ ಚಿಮ್ಮಿಸಿ ತಂಪು ಮಾಡುವ ನಳಿಗೆಗಳು ಅದರಲ್ಲಿವೆ, ಕ್ರ್ಯಾಂಕ್ ಗಟ್ಟಿ ಮಾಡಿದ್ದಾರೆ. ಹಳೆಯದರಲ್ಲಿ ಅದೇನೂ ಇಲ್ಲ. ಬ್ಲಾಕಿನ ಮೇಲೆ 617.912 ಎಂದಿದ್ದು ಪಕ್ಕದಲ್ಲಿ ಟರ್ಬೊ ಕಂಡರೆ ನಾನಂತೂ ಕೊಳ್ಳುವುದಿಲ್ಲ.

ವರ್ಷ ಪತ್ತೆ ಮಾಡುವುದು

ಬಾಗಿಲ ಚೌಕಟ್ಟಿನಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಕಾರು ತಯಾರಾದ ತಿಂಗಳು, ವರ್ಷ ಇರುತ್ತದೆ. ಇದನ್ನು ಮಾಡೆಲ್ ವರ್ಷದ ಜೊತೆ ಬೆರೆಸಬೇಡಿ. 1981ರ ಅಕ್ಟೋಬರಿನಲ್ಲಿ ತಯಾರಾದ ಕಾರು 1982ರ ಮಾಡೆಲ್ ಆಗಿರುತ್ತದೆ. ಬಿಡಿಭಾಗ ತರಿಸುವಾಗ ಎರಡೂ ಬೇಕಾಗುತ್ತದೆ.

ಬಾನೆಟ್ ಕೆಳಗೆ ಹೊಗೆ ನಿಯಮದ ಚೀಟಿ ಇರುತ್ತದೆ. ಎಂಜಿನ್ನಿನ ಗಾತ್ರ, ಮಾಡೆಲ್ ವರ್ಷ ಅದರಲ್ಲೂ ಇದೆ. 1985ರ ಕಾರಾದರೆ ಈ ಚೀಟಿಯನ್ನು ಎರಡು ಸಲ ಓದಿ. ಆ ವರ್ಷ ಕ್ಯಾಲಿಫೋರ್ನಿಯಾಕ್ಕೆ ಬೇರೆ ಕಾರು, ಉಳಿದ ರಾಜ್ಯಗಳಿಗೆ ಬೇರೆ ಕಾರು ಬಂತು. ಕ್ಯಾಲಿಫೋರ್ನಿಯಾದ್ದರಲ್ಲಿ ಹೊಗೆಯ ಮಸಿ ಹಿಡಿದು ಸುಡುವ ‘ಟ್ರ್ಯಾಪ್ ಆಕ್ಸಿಡೈಸರ್’ ಎಂಬ ಸಾಧನ ಇತ್ತು. ಅದು ತೊಂದರೆ ಕೊಟ್ಟಿದ್ದರಿಂದ ಆಮೇಲೆ ಬಹಳ ಕಾರುಗಳಲ್ಲಿ ತೆಗೆದು ಬೇರೆ ವ್ಯವಸ್ಥೆ ಹಾಕಿದರು. 1985ಕ್ಕೆ ಇನ್ನೊಂದು ಗುರುತೂ ಇದೆ. ಟರ್ಬೊ 300 ಡಿಯ ಹಿಂದಿನ ಡಿಫರೆನ್ಷಿಯಲ್, ಅಂದರೆ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ, ಅದರ ಅನುಪಾತ 3.07 ಇದ್ದದ್ದು ಆ ವರ್ಷ 2.88 ಆಯಿತು. 240 ಡಿಯದು 3.69, ಟರ್ಬೊ ಇಲ್ಲದ 300 ಡಿಯದು 3.46. ಹೆದ್ದಾರಿಯಲ್ಲಿ ಎಂಜಿನ್ ವಿಪರೀತ ಕಿರುಚುತ್ತಿದ್ದರೆ ಯಾರೋ ಬೇರೆ ಡಿಫರೆನ್ಷಿಯಲ್ ಹಾಕಿರಬಹುದು.

ಒಳಗಿನ ಎಸಿ ಕೂಡ ವರ್ಷ ಹೇಳುತ್ತದೆ. 1981ರವರೆಗಿನ 300ರಲ್ಲಿ ಬಾನೆಟ್ ಕೆಳಗೆ ನೀರಿನ ಹೋಸ್‌ಗಳು ಸೇರುವ ಒಂದು ‘ಸರ್ವೊ’ ಇರುತ್ತದೆ. ಎಸಿಯನ್ನು ನಡೆಸುವುದು ಅದು. ಹಳೇ ಮಾಲೀಕರು ಅದರ ಹೆಸರು ಕೇಳಿದರೇ ನಿಟ್ಟುಸಿರು ಬಿಡುತ್ತಾರೆ. 1982ರಿಂದ ಅದು ಹೋಗಿ ಬೇರೆ ಬಗೆ ಬಂತು. ಟರ್ಬೊ 300 ಡಿಯ ಬೆಲೆ ಜಾಸ್ತಿ ಇರುವುದಕ್ಕೆ ಇದೂ ಒಂದು ಕಾರಣ.

ರೇಡಿಯೇಟರಿನ ಮೇಲಿನ ಅಡ್ಡಪಟ್ಟಿಯಲ್ಲಿರುವ ತಗಡನ್ನು ಓದುವುದು ಮರೆಯಬೇಡಿ. ಬಣ್ಣದ ಸಂಖ್ಯೆ ಅಲ್ಲಿದೆ. 737 ಎಂದರೆ ಬಿಳಿ, 040 ಎಂದರೆ ಕಪ್ಪು, 904 ಎಂದರೆ ಗಾಢ ನೀಲಿ, 623 ಎಂದರೆ ತಿಳಿ ಕೆನೆ ಬಣ್ಣ. ಜರ್ಮನಿಯ ಟ್ಯಾಕ್ಸಿಗಳ ಬಣ್ಣ ಈ 623. ತಗಡಿನಲ್ಲಿ 623 ಇದ್ದು ಕಾರು ಕಪ್ಪಗಿದ್ದರೆ ಎಲ್ಲಿ, ಯಾಕೆ ಬಣ್ಣ ಬಳಿದರು ಎಂದು ಕೇಳಿ. ತುಕ್ಕು ಮುಚ್ಚಲು ಬಳಿದಿದ್ದರೆ ಚಕ್ರದ ಕಮಾನಿನಲ್ಲಿ, ಜಾಕ್ ಹಾಕುವ ಜಾಗದಲ್ಲಿ ಗೊತ್ತಾಗಿಬಿಡುತ್ತದೆ.

ದೊಡ್ಡ ಕಾರುಗಳು: 300 ಎಸ್‌ಡಿ ಮತ್ತು ಅದರ ತಮ್ಮಂದಿರು

300 ಎಸ್‌ಡಿ ಎಂಬ ಹೆಸರಿನಲ್ಲಿ ಮೂರು ಬೇರೆ ಬೇರೆ ಕಾರುಗಳಿವೆ. ಮೊದಲನೆಯದು 116.120. 1978ರಿಂದ 1980. ಕ್ರೋಮ್ ಹೊಳಪಿನ ಹಳೇ ಆಕಾರ. ಮಾರಾಟಕ್ಕೆ ಬಂದ ಜಗತ್ತಿನ ಮೊದಲ ಟರ್ಬೊ ಡೀಸೆಲ್ ಕಾರು ಇದು. ತಯಾರಾದದ್ದು 28,634 ಮಾತ್ರ, ಅದೂ ಉತ್ತರ ಅಮೆರಿಕಕ್ಕೆಂದೇ. ಇಷ್ಟು ಮುಖ್ಯವಾದ ಕಾರನ್ನು ಜನ ‘ಹಳೇ ಎಸ್‌ಡಿ’ ಎಂದು ಸುಮ್ನೆ ಬಿಟ್ಟುಬಿಡುವುದು ನೋಡಿದರೆ ಬೇಜಾರಾಗುತ್ತದೆ. ಚೆನ್ನಾಗಿರುವುದು ಕಂಡರೆ ಉಳಿಸಿಕೊಳ್ಳಿ.

ಎರಡನೆಯದು 126.120. 1981ರಿಂದ 1985. ಐದು ಸಿಲಿಂಡರಿನ ಅದೇ ಟರ್ಬೊ ಎಂಜಿನ್. ಬದಿಯ ಕೆಳಭಾಗದ ಪ್ಲಾಸ್ಟಿಕ್ ಹೊದಿಕೆಯಲ್ಲಿ ಅಡ್ಡ ಗೆರೆಗಳಿರುತ್ತವೆ. ಅದೇ ಜಾಗ ನಯವಾಗಿದ್ದರೆ ಅದು 1986 ಅಥವಾ ನಂತರದ್ದು. 1986-87ರಲ್ಲಿ ಬಂದದ್ದು 300 ಎಸ್‌ಡಿಎಲ್, 126.125. ಚಕ್ರಗಳ ನಡುವಿನ ಅಂತರ 140 ಮಿಲಿಮೀಟರ್ ಜಾಸ್ತಿ. ಅದನ್ನು ಹಿಂದಿನ ಬಾಗಿಲಿನ ಉದ್ದದಲ್ಲೇ ಕಾಣಬಹುದು. ಎಂಜಿನ್ ಆರು ಸಿಲಿಂಡರಿನ ಓಎಂ 603. ಪೈಪು ಎಣಿಸಿದರೆ ಆರು.

1990-91ರ 350 ಎಸ್‌ಡಿ ಮತ್ತು 350 ಎಸ್‌ಡಿಎಲ್ ಬಗ್ಗೆ ಒಂದು ಎಚ್ಚರಿಕೆ. ಇವುಗಳ 3.5 ಲೀಟರ್ ಎಂಜಿನ್ನಿನಲ್ಲಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುವ ತೊಂದರೆ ಎಲ್ಲರಿಗೂ ಗೊತ್ತಿರುವುದೇ. ನೋಡಲು 300 ಎಸ್‌ಡಿಎಲ್ ಹಾಗೇ ಇರುತ್ತವೆ. ಹಾಗಾಗಿ ಚಾಸಿ ನಂಬರಿನ ಆರು, ಏಳನೆಯ ಅಂಕಿ ನೋಡಿ. 25 ಇದ್ದರೆ 300 ಎಸ್‌ಡಿಎಲ್. 34 ಅಥವಾ 35 ಇದ್ದರೆ 350. ಮೂರನೆಯ 300 ಎಸ್‌ಡಿ 1992-93ರದ್ದು, 140 ತಲೆಮಾರು. ಇದರಲ್ಲೂ 300 ಎಂದು ಬರೆದು ಒಳಗೆ ಇದೇ 3.5 ಲೀಟರ್ ಎಂಜಿನ್ ಇಟ್ಟಿದ್ದಾರೆ.

ಸಣ್ಣ ಕಾರುಗಳ ಮಾತು ಬೇಗ ಮುಗಿಯುತ್ತದೆ. 190 ಡಿ 1984-85ರಲ್ಲಿ ನಾಲ್ಕು ಸಿಲಿಂಡರಿನ 2.2 ಲೀಟರ್, ಸಂಖ್ಯೆ 201.122. 1986ರಿಂದ 1989ರವರೆಗೆ ಐದು ಸಿಲಿಂಡರಿನ 2.5 ಲೀಟರ್, 201.126. ಇವುಗಳ ಜೊತೆಗೆ 1987ರಲ್ಲಿ ಮಾತ್ರ ಬಂದ ಟರ್ಬೊ ಒಂದಿದೆ, 201.128. ಅದನ್ನು ರಸ್ತೆಯಲ್ಲೇ ಗುರುತಿಸಬಹುದು. ಮುಂದಿನ ಬಲ ಚಕ್ರದ ಮೇಲಿನ ತಗಡಿನಲ್ಲಿ ಗಾಳಿ ಹೋಗಲು ಸೀಳುಗಳಿರುತ್ತವೆ. ಅದೇ ವರ್ಷದ ಡಬ್ಲ್ಯು 124 ಟರ್ಬೊ 300 ಡಿಯಲ್ಲೂ ಹೀಗೇ ಸೀಳುಗಳಿವೆ. ಅದರ ಸಂಖ್ಯೆ 124.133. 1990ರ ನಂತರದ 2.5 ಟರ್ಬೊ 124.128.

ಯುರೋಪಿನಿಂದ ತಂದ ಕಾರುಗಳು

ಕೆಲವೊಮ್ಮೆ ಮೇಲಿನ ಯಾವ ಲೆಕ್ಕಕ್ಕೂ ಹೊಂದದ ಕಾರು ಎದುರಾಗುತ್ತದೆ. 200 ಡಿ ಎಂದಿರುತ್ತದೆ, ಅಥವಾ ಕೈಗೇರಿನ 300 ಡಿ ಇರುತ್ತದೆ. 1980ರ ದಶಕದಲ್ಲಿ ಜನ ಯುರೋಪಿನಿಂದ ಕಾರುಗಳನ್ನು ಸ್ವಂತವಾಗಿ ತರಿಸಿಕೊಳ್ಳುತ್ತಿದ್ದರು. 1988ರ ಕಾನೂನು ಬಂದ ಮೇಲೆ ಅದು ಬಹುಮಟ್ಟಿಗೆ ನಿಂತಿತು. ಈಗ 25 ವರ್ಷ ದಾಟಿದ ಕಾರುಗಳನ್ನು ಮತ್ತೆ ತರಬಹುದು.

ಇವುಗಳ ಬಂಪರ್ ಚಿಕ್ಕದು, ಮೈಗೆ ಅಂಟಿದ ಹಾಗೆ ಇರುತ್ತದೆ. ಅಮೆರಿಕದ ಬಂಪರ್ ನಿಯಮದ ಕಾರಣ ಮುಂದಕ್ಕೆ ಚಾಚಿದ್ದು. ಅಮೆರಿಕದ 123ರಲ್ಲಿ ಕೊನೆಯವರೆಗೂ ದುಂಡು ದೀಪಗಳು. ಯುರೋಪಿನದರಲ್ಲಿ ಅಗಲವಾದ ಗಾಜಿನ ದೀಪಗಳು ಬಂದವು. ಆದರೆ ಅಮೆರಿಕದವರು ಆ ದೀಪ, ಬಂಪರ್‌ಗಳನ್ನು ತರಿಸಿ ತಮ್ಮ ಕಾರಿಗೆ ಹಾಕಿಕೊಳ್ಳುವುದು ಬಹಳ. ಅದರಿಂದ ಏನೂ ಸಾಬೀತಾಗುವುದಿಲ್ಲ. ಇಲ್ಲೂ ನಂಬರೇ ಗತಿ. ಯುರೋಪಿನ 17ರ ನಂಬರಿನಲ್ಲಿ ‘ಡಬ್ಲ್ಯು ಡಿ ಬಿ’ ಆದ ಮೇಲೆ ಅಕ್ಷರಗಳ ಬದಲು ಆರಂಕಿ ಹೆಸರು ನೇರವಾಗಿ ಬರುತ್ತದೆ: 123130, 123190, ಹೀಗೆ. ಹಾಗೆ ಕಂಡರೆ ಅದು ಅಮೆರಿಕದಲ್ಲಿ ಹೊಸದಾಗಿ ಮಾರಾಟವಾದ ಕಾರಲ್ಲ. ನೋಂದಣಿಗೂ ಬಿಡಿಭಾಗಕ್ಕೂ ಬೇರೆ ಲೆಕ್ಕ.

ಈಗ ನಾನು ಕಾರು ನೋಡಲು ಹೊರಡುವ ಮುಂಚೆ ಮಾರುವವರಿಂದ ನಾಲ್ಕು ಫೋಟೊ ಕೇಳುತ್ತೇನೆ: ಗಾಜಿನ ಬದಿಯ ನಂಬರ್ ಪಟ್ಟಿ, ಬಾಗಿಲ ಚೌಕಟ್ಟಿನ ಚೀಟಿ, ರೇಡಿಯೇಟರ್ ಮೇಲಿನ ತಗಡು, ಪೈಪುಗಳು ಎಣಿಸಲು ಬರುವ ಹಾಗೆ ಎಂಜಿನ್ನಿನ ಎಡಬದಿ. ಹಿಂಬದಿಯ ಫೋಟೊ ಅವರೇ ಕಳಿಸುತ್ತಾರೆ. ಅಂದ ಹಾಗೆ, ಆ ಮೊದಲ ಕಾರನ್ನು ನಾನು ಕೊಂಡೆ. ಟರ್ಬೊ ಇಲ್ಲದ ಕಾರಿನ ಬೆಲೆಗೆ ಅವರು ಒಪ್ಪಿದರು. 30ಕ್ಕೂ 33ಕ್ಕೂ ಇರುವ ವ್ಯತ್ಯಾಸ ಏನೆಂದು ಅಲ್ಲೇ ನಿಂತು, ಬಾನೆಟ್ ಎತ್ತಿಟ್ಟುಕೊಂಡು ಅವರಿಗೂ ತೋರಿಸಿದೆ.